ದೊಡ್ಡ ಪಾದದವರ ಅಗಲ ಸ್ನೋಬೋರ್ಡ್

ಹಿಮದ ಇಳಿಜಾರಿನಲ್ಲಿ ಅಡ್ಡಲಾಗಿ ನಿಂತು ಜಾರುವ ಸ್ನೋಬೋರ್ಡ್ ಹಲಗೆಗಳಲ್ಲಿ ಉದ್ದ ಪಾದದವರಿಗೆಂದೇ ನಡುವಿನ ಅಗಲ ಹೆಚ್ಚಿಸಿ ಮಾಡಿದ ಪ್ರಕಾರಕ್ಕೆ ಅಗಲ ಸ್ನೋಬೋರ್ಡ್ ಅಥವಾ ವೈಡ್ ಬೋರ್ಡ್ ಎಂದು ಹೆಸರು. ಗಂಡಸರ ಸಾಮಾನ್ಯ ಹಲಗೆಯ ನಡು 24.5ರಿಂದ 25.5 ಸೆಂ.ಮೀ. ಇರುತ್ತದೆ. 26 ಸೆಂ.ಮೀ. ಅಥವಾ ಅದಕ್ಕೂ ಮೇಲ್ಪಟ್ಟಿದ್ದರೆ ಅದು ಅಗಲ ಹಲಗೆ. ಇವೆರಡರ ನಡುವಿನದನ್ನು ಕೆಲವು ಕಂಪನಿಗಳು ಮಿಡ್-ವೈಡ್ ಎಂದು ಮಾರುತ್ತವೆ. ಒಂದು ಸೆಂಟಿಮೀಟರು ಅಂಗಡಿಯಲ್ಲಿ ಕಣ್ಣಿಗೂ ಬೀಳದಷ್ಟು ಸಣ್ಣದು. ಇಳಿಜಾರಿನಲ್ಲಿ ಅದೇ ಸವಾರನನ್ನು ಹಲಗೆಯ ಮೇಲೆ ಉಳಿಸುತ್ತದೆ, ಇಲ್ಲವೇ ಬೀಳಿಸುತ್ತದೆ.

ಅಗಲ ಎಂಬುದು ಅಳತೆಯನ್ನು ಹೇಳಿದರೆ, ಆಲ್-ಮೌಂಟನ್ ಎಂಬುದು ಹಲಗೆಯ ಬಳಕೆಯನ್ನು ಹೇಳುವ ಹೆಸರು. ಯಂತ್ರದಿಂದ ಹದಮಾಡಿದ ಗಟ್ಟಿ ದಾರಿ, ಅದರ ಪಕ್ಕದ ಮೆತ್ತನೆ ಹಿಮ, ಮರಗಳ ಸಂದು, ಸಣ್ಣಪುಟ್ಟ ನೆಗೆತ, ಎಲ್ಲಕ್ಕೂ ಒಂದೇ ಹಲಗೆ ಸಾಕಾಗಬೇಕು ಎಂಬ ಉದ್ದೇಶದಿಂದ ಇದನ್ನು ಮಾಡುತ್ತಾರೆ. ಆದ್ದರಿಂದ ಇದರ ಬಿಗಿ ಮಧ್ಯಮ. ಮೂತಿ ಬಾಲಕ್ಕಿಂತ ಸ್ವಲ್ಪ ಉದ್ದ, ಇಲ್ಲವೇ ಎರಡೂ ಸಮ. ಒಂದೇ ಹಲಗೆ ಕೊಳ್ಳುವ ಶಕ್ತಿ ಇರುವವರು ಸಾಮಾನ್ಯವಾಗಿ ಆರಿಸುವುದು ಇದನ್ನೇ. ವರ್ಷಕ್ಕೊಮ್ಮೆ ಮಾತ್ರ ಹಿಮ ಕಾಣುವ ದಖ್ಖನಿನವರಿಗಂತೂ ಬೇರೆ ಬಗೆಯ ಹಲಗೆ ಬೇಕಾಗುವುದಿಲ್ಲ.

ರಚನೆ

ಹಲಗೆಯ ಒಳಗೆ ಮರದ ತಿರುಳು ಇರುತ್ತದೆ. ಹೆಚ್ಚಾಗಿ ಪಾಪ್ಲರ್, ಹಗುರಾಗಿರಲೆಂದು ಪೌಲೋನಿಯಾ, ಕೆಲವೊಮ್ಮೆ ಬಿದಿರು. ಅದರ ಮೇಲೂ ಕೆಳಗೂ ಗಾಜಿನ ನಾರಿನ ಪದರವನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಅಡಿಭಾಗಕ್ಕೆ ಪಾಲಿಎಥಿಲೀನ್ ಹಾಳೆ, ಸುತ್ತಲೂ ಉಕ್ಕಿನ ಅಂಚು. ಮೇಲಿನಿಂದ ನೋಡಿದರೆ ಎರಡು ತುದಿ ಅಗಲವಾಗಿಯೂ ನಡು ಸಣ್ಣದಾಗಿಯೂ ಕಾಣುತ್ತದೆ. ಪಕ್ಕದ ಈ ಒಳಬಾಗು ಒಂದು ದೊಡ್ಡ ವೃತ್ತದ ತುಣುಕು. ಅದರ ತ್ರಿಜ್ಯ ಸಾಮಾನ್ಯವಾಗಿ 7ರಿಂದ 9 ಮೀಟರ್. ಹಲಗೆಯನ್ನು ಅಂಚಿನ ಮೇಲೆ ಓರೆ ಮಾಡಿದಾಗ ಈ ಬಾಗೇ ಹಿಮವನ್ನು ಕೊರೆಯುತ್ತ ಸವಾರನನ್ನು ತಿರುಗಿಸುತ್ತದೆ.

ಕಂಪನಿಗಳು ಪಟ್ಟಿಯಲ್ಲಿ ಕೊಡುವ ಅಗಲ ಅತಿ ಸಣ್ಣ ಭಾಗದ್ದು. ಪಾದ ಅಲ್ಲಿ ಊರುವುದಿಲ್ಲ. ಬೂಟನ್ನು ಹಲಗೆಗೆ ಬಿಗಿಯುವ ಬೈಂಡಿಂಗ್‌ಗಳು ನಡುವಿನಿಂದ ಎರಡೂ ಕಡೆಗೆ ಸುಮಾರು 28 ಸೆಂ.ಮೀ. ದೂರದಲ್ಲಿ ಕೂರುತ್ತವೆ. 8 ಮೀಟರ್ ತ್ರಿಜ್ಯದ ಬಾಗಿದ್ದರೆ ಅಲ್ಲಿ ಹಲಗೆ ನಡುವಿಗಿಂತ ಸುಮಾರು 1 ಸೆಂ.ಮೀ. ಅಗಲವಾಗಿರುತ್ತದೆ. ಕೊಳ್ಳುವಾಗ ಈ ಅಳತೆಯನ್ನು ಕೇಳಬೇಕು, ಇಲ್ಲವೇ ತಾನೇ ಟೇಪ್ ಹಿಡಿದು ನೋಡಬೇಕು. ಈಚೆಗೆ ಕೆಲವು ಕಂಪನಿಗಳು ಬೈಂಡಿಂಗ್ ಜಾಗದ ಅಗಲವನ್ನೂ ಅಚ್ಚು ಹಾಕುತ್ತಿರುವುದು ಒಳ್ಳೆಯ ಬೆಳವಣಿಗೆ.

ಬೂಟು ಹಿಮಕ್ಕೆ ತಾಗುವ ಲೆಕ್ಕ

ಸ್ಕೀಯಲ್ಲಿ ಪಾದ ಹಲಗೆಯ ಉದ್ದಕ್ಕೆ ಇರುತ್ತದೆ, ಸ್ನೋಬೋರ್ಡಿನಲ್ಲಿ ಅಡ್ಡಕ್ಕೆ. ಆದ್ದರಿಂದ ಉದ್ದ ಪಾದವಿದ್ದರೆ ಬೆರಳಿನ ಕಡೆ ಒಂದಷ್ಟು, ಹಿಮ್ಮಡಿಯ ಕಡೆ ಒಂದಷ್ಟು ಬೂಟು ಅಂಚಿನಿಂದಾಚೆ ಚಾಚಿಕೊಳ್ಳುತ್ತದೆ. ಸ್ವಲ್ಪ ಚಾಚಬೇಕು ಕೂಡ. ಅಂಚನ್ನು ಒತ್ತಲು ಸನ್ನೆಯ ಬಲ ಸಿಗುವುದು ಆಗಲೇ. ಹೆಚ್ಚು ಚಾಚಿದರೆ ತಿರುವಿನಲ್ಲಿ ಹಲಗೆ ಓರೆಯಾದಾಗ ಬೂಟಿನ ಮೂತಿ ಹಿಮಕ್ಕೆ ಉಜ್ಜಿ, ಉಕ್ಕಿನ ಅಂಚು ಹಿಡಿತ ಬಿಟ್ಟು ಮೇಲೇಳುತ್ತದೆ. ಆ ಕ್ಷಣದಲ್ಲಿ ಹಲಗೆ ಪಕ್ಕಕ್ಕೆ ಸರಕ್ಕನೆ ಜಾರುತ್ತದೆ. ಸವಾರ ಬೀಳುವುದು ತಿರುವಿನ ನಡುಮಧ್ಯೆ, ವೇಗ ಜೋರಾಗಿರುವಾಗ.

ಅಳತೆ ಇಟ್ಟುಕೊಂಡು ನೋಡಿದರೆ ವಿಷಯ ತಿಳಿಯಾಗುತ್ತದೆ. 29 ಸೆಂ.ಮೀ. ಪಾದದವನ ಬೂಟು ಹೊರಗಿನಿಂದ ಸುಮಾರು 32 ಸೆಂ.ಮೀ. ಇರುತ್ತದೆ ಎನ್ನೋಣ. ಬೈಂಡಿಂಗನ್ನು 15 ಡಿಗ್ರಿ ತಿರುಗಿಸಿ ನಿಂತರೆ ಅಡ್ಡಕ್ಕೆ ಅದು ಸುಮಾರು 31 ಸೆಂ.ಮೀ. ಜಾಗ ಹಿಡಿಯುತ್ತದೆ. ಪಾದದಡಿ 26 ಸೆಂ.ಮೀ. ಇರುವ ಸಾಮಾನ್ಯ ಹಲಗೆಯ ಮೇಲೆ ಎರಡೂ ಕಡೆ ಸುಮಾರು 2.5 ಸೆಂ.ಮೀ. ಚಾಚುತ್ತದೆ. ಹಲಗೆಯ ದಪ್ಪ, ಬೈಂಡಿಂಗಿನ ತಟ್ಟೆ ಎರಡೂ ಸೇರಿ ಬೂಟಿನ ಅಟ್ಟೆ ಅಂಚಿಗಿಂತ 2.5 ಸೆಂ.ಮೀ. ಮೇಲಿದ್ದರೆ, ಹಲಗೆ 45 ಡಿಗ್ರಿ ಓರೆಯಾಗುವ ಹೊತ್ತಿಗೆ ಬೂಟು ಹಿಮ ಮುಟ್ಟುತ್ತದೆ. ಅದೇ ಬೂಟು ಪಾದದಡಿ 27.2 ಸೆಂ.ಮೀ. ಇರುವ ಅಗಲ ಹಲಗೆಯ ಮೇಲೆ 53 ಡಿಗ್ರಿಯವರೆಗೆ ತಾಗುವುದಿಲ್ಲ. 34 ಸೆಂ.ಮೀ. ಬೂಟಿನವನು ಸಾಮಾನ್ಯ ಹಲಗೆ ಹತ್ತಿದರೆ 36 ಡಿಗ್ರಿಯಲ್ಲೇ ಉಜ್ಜುತ್ತದೆ. ಅಂಥವನಿಗೆ ನಡು 27 ಸೆಂ.ಮೀ. ಇರುವ ಹಲಗೆ ಬೇಕು. ಇದು ಗಟ್ಟಿ ಹಿಮದ ಲೆಕ್ಕ. ಮೆತ್ತನೆಯ ಹಿಮದಲ್ಲಿ ಅಂಚು ಒಳಗಿಳಿಯುವುದರಿಂದ ಬೂಟು ಇನ್ನೂ ಬೇಗ ತಾಗುತ್ತದೆ. ಬೂಟಿನ ಮೂತಿಯನ್ನು ಕೆಳಗಿನಿಂದ ಓರೆಯಾಗಿ ಕೊರೆದಿದ್ದರೆ ನಾಲ್ಕೈದು ಡಿಗ್ರಿ ಲಾಭವಾಗುತ್ತದೆ.

ಹೊಸಬರು ಹಲಗೆಯನ್ನು ಇಷ್ಟು ಓರೆ ಮಾಡುವುದೇ ಇಲ್ಲ.  ಹಾಗಾಗಿ ಕಲಿಯುವಾಗ ತೊಂದರೆ ಗೊತ್ತಾಗದೆ, ಧೈರ್ಯ ಬಂದು ಬಾಗತೊಡಗಿದ ಮೇಲೆ ಅದು ತಲೆ ಎತ್ತುತ್ತದೆ. ಬೀಳುವುದಕ್ಕೆ ತನ್ನ ಕಲಿಕೆ ಸಾಲದೆಂದು ತಿಳಿದು ನೊಂದುಕೊಳ್ಳುವ ಉದ್ದ ಪಾದದವರು ಬಹಳ ಮಂದಿ. ದೋಷ ಎಷ್ಟೋ ಸಲ ಹಲಗೆಯ ಅಗಲದ್ದು.

ಅಗಲ ಹಲಗೆ ಕೊಳ್ಳದೆಯೂ ಕೆಲವು ಉಪಾಯಗಳುಂಟು. ಬೈಂಡಿಂಗಿನ ಕೋನ ಹೆಚ್ಚಿಸಬಹುದು, ಅದರ ಕೆಳಗೆ ಎತ್ತರಿಸುವ ತಟ್ಟೆ ಕೊಡಬಹುದು, ಹೊರ ಅಳತೆ ಚಿಕ್ಕದಿರುವ ಬೂಟು ಹುಡುಕಬಹುದು. ಒಂದೇ ನಂಬರಿನ ಬೂಟುಗಳು ಕಂಪನಿಯಿಂದ ಕಂಪನಿಗೆ ಹೊರಗಿನ ಉದ್ದದಲ್ಲಿ ಒಂದು ಸೆಂಟಿಮೀಟರಿಗೂ ಹೆಚ್ಚು ವ್ಯತ್ಯಾಸವಾಗುತ್ತವೆ. ಎಲ್ಲಕ್ಕಿಂತ ಮೊದಲು ಬೂಟನ್ನು ಹಲಗೆಯ ನಡುಮಧ್ಯೆ ಕೂರಿಸಬೇಕು. ಬೆರಳಿನ ಕಡೆ 1 ಸೆಂ.ಮೀ., ಹಿಮ್ಮಡಿಯ ಕಡೆ 4 ಸೆಂ.ಮೀ. ಚಾಚಿದ್ದರೆ ಯಾವ ಹಲಗೆ ಕೊಂಡರೂ ಪ್ರಯೋಜನವಿಲ್ಲ. ಬೈಂಡಿಂಗಿನ ಸ್ಕ್ರೂ ಸಡಿಲಿಸಿ ಒಂದೂವರೆ ಸೆಂ.ಮೀ. ಸರಿಸಿದರೆ ಮುಗಿಯುವ ಕೆಲಸಕ್ಕೆ ಹೊಸ ಹಲಗೆ ಕೊಳ್ಳಬೇಕಿಲ್ಲ.

ಉದ್ದ ಪಾದ, ಅಗಲ ಪಾದ

ಹಲಗೆಯ ಅಗಲ ಗೊತ್ತಾಗುವುದು ಪಾದದ ಉದ್ದದಿಂದ. ಪಾದದ ಅಗಲಕ್ಕೆ ಅದರಲ್ಲಿ ಪಾತ್ರ ತೀರ ಕಡಿಮೆ. ಭಾರತದ ಓದುಗರಿಗೆ ಇದನ್ನು ಒತ್ತಿ ಹೇಳಲೇಬೇಕು, ಏಕೆಂದರೆ ನಮ್ಮವರ ಪಾದ ಯುರೋಪು, ಅಮೆರಿಕದವರದಕ್ಕಿಂತ ಅಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ 1,01,880 ಜನರ ಪಾದಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಯಂತ್ರದಲ್ಲಿ ಅಳೆಯಿತು. ಹೆಣ್ಣುಮಕ್ಕಳ ಪಾದದ ಬೆಳವಣಿಗೆ 11ರ ವಯಸ್ಸಿಗೆ, ಗಂಡುಮಕ್ಕಳದು 15–16ಕ್ಕೆ ತುದಿ ಮುಟ್ಟುತ್ತದೆ ಎಂದೂ ನಮ್ಮವರ ಪಾದಕ್ಕೆ ಹೆಚ್ಚು ಅಗಲದ ಅಚ್ಚು ಬೇಕೆಂದೂ ಕಂಡುಬಂತು. ಇದರ ಆಧಾರದಿಂದ 'ಭಾ' ಎಂಬ ಭಾರತೀಯ ಅಳತೆ ಕ್ರಮ ರೂಪುಗೊಂಡಿತು. ಅದರಲ್ಲಿ ಕೂಸಿನಿಂದ ವಯಸ್ಕರವರೆಗೆ ಎಂಟು ವರ್ಗಗಳಿವೆ.

ಅಗಲ ಸಾಲದ ಬೂಟು ಒತ್ತಿದಾಗ ನಮ್ಮವರು ಒಂದು ನಂಬರ್ ದೊಡ್ಡದು ಕೇಳುತ್ತಾರೆ. ನಡೆಯುವ ಚಪ್ಪಲಿ, ಷೂಗಳಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಸ್ನೋಬೋರ್ಡ್ ಬೂಟಿನಲ್ಲಿ ನಡೆಯುವುದಿಲ್ಲ. ಒಳಗೆ ಹಿಮ್ಮಡಿ ಎದ್ದು ಅಂಚಿನ ಹಿಡಿತ ಹೋಗುತ್ತದೆ; ಹೊರಗೆ ಬೂಟು ಉದ್ದವಾಗಿ, ಬೇಕಿಲ್ಲದ ಅಗಲ ಹಲಗೆ ಕೊಳ್ಳಬೇಕಾಗಿ ಬರುತ್ತದೆ. 27 ಸೆಂ.ಮೀ. ಉದ್ದ, ಒಳ್ಳೆ ಅಗಲ ಇರುವ ಪಾದದವರಿಗೆ ಬೇಕಾದ್ದು ಅಗಲ ಅಚ್ಚಿನ ಬೂಟು. ಬರ್ಟನ್ ಕಂಪನಿಯ ಫೋಟಾನ್, ರೂಲರ್ ಬೂಟುಗಳು ಈ ವೈಡ್ ಅಚ್ಚಿನಲ್ಲಿ ಬಂದಿವೆ. ಬೂಟಿನ ಒಳಮೆತ್ತೆಯನ್ನು ಬಿಸಿಮಾಡಿ ಕಾಲಿಗೆ ತಕ್ಕಂತೆ ಅಚ್ಚು ಕೂರಿಸುವುದೂ ಅಂಗಡಿಗಳಲ್ಲಿ ರೂಢಿ. ಗಂಡಸರಿಗೆ ಪಾದದ ಉದ್ದವೇ 29 ಸೆಂ.ಮೀ. ಮುಟ್ಟಿದ್ದರೆ ಮಾತ್ರ ಹಲಗೆಯ ಅಗಲದ ಪ್ರಶ್ನೆ ಏಳುತ್ತದೆ.

ಅಮೆರಿಕದ 11ನೆಯ ನಂಬರ್, ಬ್ರಿಟನ್ನಿನ ಸುಮಾರು 10 ಎಂದರೆ ಈ 29 ಸೆಂ.ಮೀ. ನಮ್ಮ ಅಂಗಡಿಗಳಲ್ಲಿ ಡಬ್ಬದ ಮೇಲೆ ಸಾಮಾನ್ಯವಾಗಿ ಕಾಣುವುದು ಬ್ರಿಟನ್ನಿನ ನಂಬರ್. ಅದರಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಇಂಚಿನ ಮೂರನೆಯ ಒಂದು ಭಾಗ ಅಂತರ. ಅಂತರ್ಜಾಲದಲ್ಲಿ ಕೊಳ್ಳುವಾಗ ಅಮೆರಿಕದ್ದೋ ಬ್ರಿಟನ್ನಿನದೋ ಎಂಬ ಗೊಂದಲದಲ್ಲೇ 8 ಮಿಲಿಮೀಟರ್ ಕೈತಪ್ಪುತ್ತದೆ. ಹಿಮದ ಬೂಟುಗಳಿಗೆ ಮಾಂಡೋಪಾಯಿಂಟ್ ಎಂಬ ಅಂತರರಾಷ್ಟ್ರೀಯ ಕ್ರಮವಿದೆ. ಅದು ಪಾದದ ಉದ್ದವನ್ನು ನೇರವಾಗಿ ಮೆಟ್ರಿಕ್ ಅಳತೆಯಲ್ಲಿ ಹೇಳುತ್ತದೆ. ಗೋಡೆಗೆ ಹಿಮ್ಮಡಿ ಒತ್ತಿ, ಪೂರ್ತಿ ಭಾರ ಬಿಟ್ಟು ಕಾಗದದ ಮೇಲೆ ನಿಂತು, ಅತಿ ಉದ್ದದ ಬೆರಳಿನ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ಸ್ಕೇಲಿನಲ್ಲಿ ಅಳೆದರೆ ಸಾಕು. ಎರಡೂ ಪಾದ ಅಳೆಯಬೇಕು, ಸಂಜೆಯ ಹೊತ್ತು ಅಳೆಯಬೇಕು. ದಿನವಿಡೀ ನಡೆದ ಪಾದ ಬೆಳಗಿನದಕ್ಕಿಂತ ಸ್ವಲ್ಪ ಊದಿರುತ್ತದೆ.

ಹೈದರಾಬಾದಿನ ಗಚ್ಚಿಬೌಲಿ ಬಳಿ ಕೇಂದ್ರ ಸರ್ಕಾರದ ಪಾದರಕ್ಷೆ ವಿನ್ಯಾಸ ಮತ್ತು ಅಭಿವೃದ್ಧಿ ಸಂಸ್ಥೆಯ ಒಂದು ಕ್ಯಾಂಪಸ್ ಇದೆ. ಪಾದದ ಅಚ್ಚು, ಅಟ್ಟೆ, ಮೇಲುಹೊದಿಕೆಗಳ ವಿನ್ಯಾಸ ಕಲಿಸುವ ಇಂಥ ಶಾಲೆಗಳಿಂದ ಅಗಲ ಪಾದಕ್ಕೆ ಒಪ್ಪುವ ಚಳಿಬೂಟು ಹೊರಬರುವುದು ಅಸಾಧ್ಯವೇನಲ್ಲ. ಹಿಮಾಲಯದ ಗಡಿಯಲ್ಲಿ ನಿಲ್ಲುವ ಸೈನಿಕರಿಂದ ಹಿಡಿದು ಅಲ್ಲಿಗೆ ಹೋಗುವ ಪ್ರವಾಸಿಗರವರೆಗೆ ಅದಕ್ಕೆ ಬಳಕೆದಾರರೂ ಇದ್ದಾರೆ.

ಲಾಭ, ನಷ್ಟ

ಅಗಲ ಹೆಚ್ಚಿದಂತೆ ಹಲಗೆ ಒಂದು ಅಂಚಿನಿಂದ ಇನ್ನೊಂದಕ್ಕೆ ಹೊರಳುವುದು ನಿಧಾನವಾಗುತ್ತದೆ. ಅಂಚು ದೂರವಾದಷ್ಟೂ ಹಲಗೆಯನ್ನು ಓರೆ ಮಾಡಲು ಹೆಚ್ಚು ಬಲ ಬೇಕು. ಉದ್ದ ಪಾದದವನಿಗೆ ಆ ಬಲ ಪಾದದಿಂದಲೇ ಸಿಗುತ್ತದೆ. ಸಣ್ಣ ಪಾದದವನು ಅದೇ ಹಲಗೆ ಹತ್ತಿದರೆ ಮೀನಖಂಡ ಸೋಲುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ಅಗಲದ ಹಲಗೆ ಬೇಕಾದ್ದಕ್ಕಿಂತ ಕಿರಿದಾದ ಹಲಗೆಯಷ್ಟೇ ಕೆಟ್ಟದ್ದು. ಆಳದ ಪುಡಿಹಿಮದಲ್ಲಿ ಮಾತ್ರ ಅಗಲ ಎಲ್ಲರಿಗೂ ಉಪಕಾರಿ. ತಳದ ವಿಸ್ತಾರ ಹೆಚ್ಚಿದಷ್ಟೂ ಹಲಗೆ ಹಿಮದ ಮೇಲೆ ತೇಲುತ್ತದೆ.

ಹಲಗೆಯ ಉದ್ದವನ್ನು ತೂಕ ನೋಡಿ ಆರಿಸಬೇಕು. ಗದ್ದದವರೆಗೋ ಮೂಗಿನವರೆಗೋ ಬರಬೇಕೆಂಬ ಹಳೆಯ ಮಾತಿಗೆ ಈಗ ಬೆಲೆಯಿಲ್ಲ. 85–90 ಕಿಲೋ ತೂಕದ ದೊಡ್ಡ ಪಾದದವರು ಸಾಮಾನ್ಯವಾಗಿ 158ರಿಂದ 163 ಸೆಂ.ಮೀ. ಉದ್ದದ ಅಗಲ ಹಲಗೆಯಲ್ಲಿ ನೆಮ್ಮದಿಯಾಗಿ ಸವಾರಿ ಮಾಡುತ್ತಾರೆ. ಅಂಗಡಿಯವರು ಮೊದಲು ಎತ್ತರ, ತೂಕ ಕೇಳಿ ಕೊನೆಗೆ ಬೂಟಿನ ನಂಬರ್ ಕೇಳುವುದು ರೂಢಿ. ಕ್ರಮ ತಿರುಗುಮುರುಗಾಗಬೇಕು: ಮೊದಲು ಅಗಲ ತೀರ್ಮಾನವಾಗಲಿ, ಅನಂತರ ಆ ಅಗಲದ ಹಲಗೆಗಳಲ್ಲಿ ಉದ್ದ ಆರಿಸಲಿ. ಉದ್ದ ಎರಡು ಸೆಂಟಿಮೀಟರ್ ಆಚೀಚೆಯಾದರೆ ದೇಹ ಹೊಂದಿಕೊಳ್ಳುತ್ತದೆ, ಅಗಲ ಅಷ್ಟು ತಪ್ಪಿದರೆ ಹೊಂದಿಕೊಳ್ಳುವ ದಾರಿಯೇ ಇಲ್ಲ.

ಉದ್ದದ ಸಂಖ್ಯೆಯ ಮುಂದೆ ಡಬ್ಲ್ಯು ಅಕ್ಷರವಿದ್ದರೆ ಅಗಲ ಹಲಗೆ ಎಂದರ್ಥ. ಬರ್ಟನ್ನಿನ ಹೆಸರಾಂತ ಕಸ್ಟಮ್ ಹಲಗೆ ಹೀಗೆ 158 ಡಬ್ಲ್ಯು, 162 ಡಬ್ಲ್ಯು ರೂಪದಲ್ಲೂ ಸಿಗುತ್ತದೆ. ಕೊಲರಾಡೊದ ನೆವರ್ ಸಮ್ಮರ್ ಕಂಪನಿ ಎಕ್ಸ್ ಅಕ್ಷರ ಬಳಸುತ್ತದೆ. ಲಿಬ್ ಟೆಕ್ ಕಂಪನಿಯ ಸ್ಕಂಕ್ ಏಪ್ ದೊಡ್ಡ ಪಾದದವರಿಗೆಂದೇ ಹೊರಟದ್ದು. ರೈಡ್ ಕಂಪನಿಯ ವಾರ್‌ಪಿಗ್‌ನಂಥವು ಬೇರೆ ದಾರಿಯವು. ಇವುಗಳಲ್ಲಿ ಉದ್ದ ಕಡಿಮೆ ಮಾಡಿ ಅಗಲ ಹೆಚ್ಚಿಸಿ ಒಟ್ಟು ವಿಸ್ತಾರ ಅಷ್ಟೇ ಉಳಿಸಿಕೊಳ್ಳುತ್ತಾರೆ. ಉದ್ದ ಪಾದದವರಿಗೂ ಒಗ್ಗುತ್ತವೆ, ಮರಗಳ ನಡುವೆ ಬಳುಕಲು ಹಗುರ.

ಹೆಂಗಸರ ಹಲಗೆಗಳ ನಡು 23.5ರಿಂದ 24.5 ಸೆಂ.ಮೀ. ಆಸುಪಾಸು. ಅವುಗಳಲ್ಲಿ ಅಗಲದ ಆಯ್ಕೆ ತೀರ ಕಡಿಮೆಯಾದ್ದರಿಂದ 27 ಸೆಂ.ಮೀ. ಪಾದದ ಹೆಂಗಸು ಗಂಡಸರ ಹಲಗೆಯತ್ತ ಹೋಗಬೇಕಾಗುತ್ತದೆ. ಅವು ಭಾರದ ದೇಹಕ್ಕೆಂದು ಬಿಗಿಯಾಗಿ ಮಾಡಿದವು. ಪಾದಕ್ಕೆ ಸರಿಹೋದದ್ದು ತೂಕಕ್ಕೆ ಸರಿಹೋಗುವುದಿಲ್ಲ. ಕಂಪನಿಗಳು ಇನ್ನೂ ಸರಿಯಾಗಿ ತುಂಬಿಕೊಡದ ಕೊರತೆ ಇದು.

ಬೆಳೆದ ಬಗೆ

1965ರಲ್ಲಿ ಅಮೆರಿಕದ ಮಿಷಿಗನ್ನಿನ ಶೆರ್ಮನ್ ಪಾಪೆನ್ ಎರಡು ಸ್ಕೀಗಳನ್ನು ಜೋಡಿಸಿ ಮಕ್ಕಳಿಗೆ ಆಟಿಕೆ ಮಾಡಿಕೊಟ್ಟದ್ದು ಸ್ನರ್ಫರ್ ಎಂಬ ಹೆಸರಿನಿಂದ ಮಾರಾಟವಾಯಿತು. ಜೇಕ್ ಬರ್ಟನ್ ಕಾರ್ಪೆಂಟರ್ 1977ರಲ್ಲಿ ವರ್ಮಾಂಟ್‌ನಲ್ಲಿ ಸ್ನೋಬೋರ್ಡ್ ಮಾಡುವ ಕಂಪನಿ ಹೂಡಿದರು. ಟಾಮ್ ಸಿಮ್ಸ್ ಪಶ್ಚಿಮ ಕರಾವಳಿಯಲ್ಲಿ ಇದೇ ಕೆಲಸ ಮಾಡುತ್ತಿದ್ದರು. 1998ರ ನಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಟ ಸೇರ್ಪಡೆಯಾಯಿತು. ರೇಸಿನ ಹಲಗೆಗಳಲ್ಲಿ ಪಾದವನ್ನು 50–60 ಡಿಗ್ರಿ ಮುಂದಕ್ಕೆ ತಿರುಗಿಸಿ ನಿಲ್ಲುವುದರಿಂದ 20 ಸೆಂ.ಮೀ. ನಡುವೂ ಸಾಕು. ಎರಡೂ ಪಾದ ಹೊರಮುಖವಾಗಿ, ಹೆಚ್ಚುಕಡಿಮೆ ಅಡ್ಡಕ್ಕೆ ನಿಲ್ಲುವ ಭಂಗಿ ಸಾಮಾನ್ಯ ಸವಾರರಲ್ಲಿ ಹರಡಿದಾಗ ಪಾದದ ಉದ್ದ ಪೂರ್ತಿಯಾಗಿ ಅಂಚಿನ ಮೇಲೆ ಬಂತು. ಅಗಲ ಹಲಗೆಗೆ ಬೇಡಿಕೆ ಬಂದದ್ದು ಹೀಗೆ.

ಹೈದರಾಬಾದಿನಿಂದ ಹಿಮಕ್ಕೆ

ಹೈದರಾಬಾದಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ದೇಶದ ಮೊದಲ ಒಳಾಂಗಣ ಹಿಮೋದ್ಯಾನವಾದ ಸ್ನೋ ವರ್ಲ್ಡ್ 2004ರ ಜನವರಿಯಲ್ಲಿ ತೆರೆದದ್ದು ಇಲ್ಲೇ, ಇಂದಿರಾ ಪಾರ್ಕ್ ಬಳಿಯ ಲೋವರ್ ಟ್ಯಾಂಕ್ ಬಂಡ್ ರಸ್ತೆಯಲ್ಲಿ. ಒಳಗಿನ ಉಷ್ಣತೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಬಾಗಿಲಲ್ಲೇ ಕೋಟು, ಕೈಗವಸು, ಬೂಟು ಕೊಡುತ್ತಾರೆ. ನಗರದ ಸಾವಿರಾರು ಮಂದಿ, ಬೀದರ್, ಕಲಬುರಗಿ, ರಾಯಚೂರುಗಳಿಂದ ಮಕ್ಕಳನ್ನು ಕರೆತಂದ ಕುಟುಂಬಗಳು ಹಿಮವನ್ನು ಮೊದಲು ಮುಟ್ಟಿದ್ದು, ಹಿಮದ ಬೂಟಿಗೆ ಮೊದಲು ಕಾಲು ತೂರಿಸಿದ್ದು ಅಲ್ಲಿ. ಟ್ಯೂಬಿನಲ್ಲಿ ಕೂತು ಜಾರಲು ಅಲ್ಲಿನ ಇಳಿಜಾರು ಸಾಕು. ಸ್ನೋಬೋರ್ಡಿನಲ್ಲಿ ತಿರುವು ಕಲಿಯಲು ಇದಕ್ಕಿಂತ ಉದ್ದನೆಯ ಇಳಿಜಾರು ಬೇಕು. ಬೆಂಗಳೂರಿನ ಜಯಮಹಲ್ ರಸ್ತೆಯ ಸ್ನೋ ಸಿಟಿಯೂ ಇದೇ ಬಗೆಯದು.

ಹಲಗೆ ಹತ್ತುವ ಆಸೆಯಿರುವ ಹೈದರಾಬಾದಿನವರಿಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯಲ್ಲಿ ಸಿಗುವ ಇಳಿಜಾರು ಮರಳುಗಾಡಿನಲ್ಲಿದೆ. 2005ರಲ್ಲಿ ತೆರೆದ ಸ್ಕೀ ದುಬೈ ಎಂಬ ಒಳಾಂಗಣ ಹಿಮತಾಣದ ಅತಿ ಉದ್ದದ ದಾರಿ 400 ಮೀಟರ್, ಇಳಿತ 60 ಮೀಟರ್. ವರ್ಷವಿಡೀ ಒಂದೇ ಹದದ ಹಿಮವಿರುವುದರಿಂದ ಕಲಿಯಲು ಅನುಕೂಲ. ಹದಮಾಡಿದ ಗಟ್ಟಿ ಹಿಮವಾದ್ದರಿಂದ ಬೂಟು ಎಷ್ಟು ಓರೆಗೆ ತಾಗುತ್ತದೆಂದು ಪರೀಕ್ಷಿಸಿ ನೋಡುವುದಕ್ಕೂ ಒಳ್ಳೆಯ ಜಾಗ.

ನಿಜವಾದ ಪರ್ವತವೆಂದರೆ ಗುಲ್ಮಾರ್ಗ್. ಶ್ರೀನಗರದಿಂದ ಸುಮಾರು 50 ಕಿ.ಮೀ. ದೂರದ ಈ ಊರು 2,650 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗೊಂಡೋಲ ಎಂಬ ಕೇಬಲ್ ಕಾರಿನ ಎರಡನೆಯ ಹಂತ 2005ರಲ್ಲಿ ಆರಂಭವಾಗಿ ಅಫರ್‌ವಟ್ ಬೆಟ್ಟದ ಭುಜದವರೆಗೆ, 3,900 ಮೀಟರಿಗೂ ಮೇಲೆ ಒಯ್ಯುತ್ತದೆ. ಮೇಲಿನ ಭಾಗ ಯಂತ್ರ ಮುಟ್ಟದ ಪುಡಿಹಿಮ. ಅಗಲ ಹಲಗೆ ತನ್ನ ಗುಣ ತೋರಿಸುವುದು ಅಂಥಲ್ಲೇ. ಹಿಮಕುಸಿತದ ಅಪಾಯವೂ ಅಲ್ಲೇ ಹೆಚ್ಚಾದ್ದರಿಂದ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಹೋಗಕೂಡದು. ಕಲಿಯುವವರಿಗೆ ಗುಲ್ಮಾರ್ಗ್‌ನಲ್ಲಿ ಕೇಂದ್ರ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಉತ್ತರಾಖಂಡದ ಔಲಿ, ಮನಾಲಿ ಸಮೀಪದ ಸೋಲಂಗ್ ಕಣಿವೆ ಇನ್ನೆರಡು ನೆಲೆಗಳು. ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಚಿನ್ನ ಗೆದ್ದಿದ್ದಾರೆ. ಹಿಮವೇ ಬೀಳದ ನಾಡಿನವರಿಗೂ ಈ ಆಟಗಳು ದಕ್ಕುತ್ತವೆ ಎಂಬುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬಾಡಿಗೆ ಹಲಗೆ ನೆಚ್ಚಿಕೊಂಡು ಹೋಗುವ ದೊಡ್ಡ ಪಾದದವರು ಹೊರಡುವ ಮೊದಲೇ ಫೋನು ಮಾಡಿ ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಹೇಳಿ ವಿಚಾರಿಸುವುದು ಒಳ್ಳೆಯದು. ಬಾಡಿಗೆಗೆ ಇಡುವ ಸರಕಿನಲ್ಲಿ ಮಧ್ಯಮ ಅಳತೆಗಳೇ ಹೆಚ್ಚಿರುತ್ತವೆ. ಹಲಗೆ, ಬೂಟು ಎರಡರಲ್ಲಿ ಒಂದನ್ನೇ ಸ್ವಂತಕ್ಕೆ ಕೊಳ್ಳುವುದಾದರೆ ಬೂಟು ಕೊಳ್ಳಬೇಕು. ಹಲಗೆ ಸ್ವಲ್ಪ ಕಿರಿದಾದರೂ ಕೋನ ಹೆಚ್ಚಿಸಿ ಒಂದು ವಾರ ಕಳೆಯಬಹುದು. ಕಾಲಿಗೆ ಹಿಡಿಸದ ಬೂಟಿನಲ್ಲಿ ಅರ್ಧ ದಿನವೂ ಆಗುವುದಿಲ್ಲ.

ಹೈದರಾಬಾದಿನಲ್ಲಿ ಹಲಗೆ ಇಟ್ಟುಕೊಳ್ಳುವವರಿಗೆ ಎರಡು ಶತ್ರುಗಳು: 40 ಡಿಗ್ರಿ ದಾಟುವ ಮೇ ತಿಂಗಳ ಬಿಸಿಲು, ಅದರ ಹಿಂದೆಯೇ ಬರುವ ಮಳೆಗಾಲದ ತೇವ. ಹಿಮದಿಂದ ಬಂದ ಕೂಡಲೇ ಬೈಂಡಿಂಗ್ ಬಿಚ್ಚಿ, ಉಕ್ಕಿನ ಅಂಚನ್ನು ಒಣಬಟ್ಟೆಯಿಂದ ಒರೆಸಬೇಕು. ತಳಕ್ಕೆ ದಪ್ಪನಾಗಿ ಮೇಣ ಕರಗಿಸಿ ಹಚ್ಚಿ, ಅಂಚಿನ ಮೇಲೂ ಹರಿಸಿ ಹೆರೆಯದೆ ಬಿಡಬೇಕು. ತಳ ಒಣಗುವುದೂ ಇಲ್ಲ, ಅಂಚಿಗೆ ತುಕ್ಕೂ ಹಿಡಿಯುವುದಿಲ್ಲ. ಕಾರಿನ ಡಿಕ್ಕಿಯಲ್ಲಾಗಲಿ, ಬಿಸಿಲಿಗೆ ಕಾಯುವ ಮೇಲ್ಛಾವಣಿಯ ಕೋಣೆಯಲ್ಲಾಗಲಿ ಇಡಕೂಡದು. ಮಂಚದ ಕೆಳಗೆ, ಮೇಲೆ ಭಾರ ಹೇರದೆ ಮಲಗಿಸಿದರೆ ಮುಂದಿನ ಜನವರಿಯವರೆಗೆ ಹಲಗೆಯ ಬಾಗು ಕೆಡುವುದಿಲ್ಲ. ಬೂಟಿನ ಒಳಮೆತ್ತೆಯನ್ನು ಹೊರತೆಗೆದು ನೆರಳಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ತುರುಕಿ, ಪಟ್ಟಿಗಳನ್ನು ಸಡಿಲವಾಗಿ ಕಟ್ಟಿಡಬೇಕು. ಬಿಚ್ಚಿಟ್ಟ ಬೂಟು ವರ್ಷವಿಡೀ ಬಾಯಿ ತೆರೆದುಕೊಂಡೇ ಆಕಾರ ಕಳೆದುಕೊಳ್ಳುತ್ತದೆ.